ಬೀಗದ ಕೈಗೆ ಮುಂಚಿನ ದುಡ್ಡು

ಸ್ಥಳೀಯ ಕೌನ್ಸಿಲ್ಲಿನ ವಸತಿ ಕಚೇರಿಯ ಬಾಗಿಲು ತೆರೆಯುವುದು ಒಂಬತ್ತು ಗಂಟೆಗೆ. ಅದಕ್ಕೆ ಮೊದಲೇ ಗಾಜಿನ ಗೋಡೆಯುದ್ದಕ್ಕೂ ಸಾಲು ಬೆಳೆದಿದೆ. 2024ರ ನವೆಂಬರ್, ದಕ್ಷಿಣ ಲಂಡನ್ನಿನ ಮಳೆ ಬಿಡುವುದೂ ಇಲ್ಲ, ಜೋರಾಗುವುದೂ ಇಲ್ಲ. ತಳ್ಳುಗಾಡಿಯ ಮೇಲೆ ಪ್ಲಾಸ್ಟಿಕ್ ಹೊದಿಸಿ ಮಗುವನ್ನು ಬೆಚ್ಚಗಿಟ್ಟವರು, ರಾತ್ರಿ ಪಾಳಿ ಮುಗಿಸಿ ಸೀದಾ ಇಲ್ಲಿಗೇ ಬಂದವರು, ಕೈಯಲ್ಲಿ ಏನೂ ಇಲ್ಲದೆ ಸುಮ್ಮನೆ ನೆಲ ನೋಡುತ್ತ ನಿಂತ ಮುದುಕರು. ಬಾಗಿಲು ಸರಿದೊಡನೆ ಎಲ್ಲರೂ ಟೋಕನ್ ಯಂತ್ರದ ಕಡೆಗೆ ಹೆಜ್ಜೆ ಹಾಕುತ್ತಾರೆ. ಓಡುವುದಿಲ್ಲ, ಆದರೆ ಯಾರೂ ಹಿಂದೆ ಉಳಿಯಲು ಒಪ್ಪುವುದಿಲ್ಲ.

ಒಳಗೆ ಬನ್ನಿ. ಗೋಡೆಗೆ ಹೊಂದಿಕೊಂಡ ಹೀಟರ್ ಬಿಸಿಯಾಗುತ್ತಿದ್ದಂತೆ ಒದ್ದೆ ಕೋಟುಗಳಿಂದ ಉಣ್ಣೆಯ ಮುಗ್ಗುವಾಸನೆ ಏಳುತ್ತದೆ. ಯಾರದೋ ಚೀಲದಲ್ಲಿ ಬೆಣ್ಣೆ ಹಚ್ಚಿದ ಬ್ರೆಡ್ಡು, ಯಾರದೋ ಫ್ಲಾಸ್ಕಿನಲ್ಲಿ ಶುಂಠಿ ಚಹಾ. ನೆಲಕ್ಕೆ ಬಿಗಿದ ನೀಲಿ ಕುರ್ಚಿಗಳು. ಟೋಕನ್ ಸಂಖ್ಯೆ ಬದಲಾದಾಗಲೆಲ್ಲ ಟಿಣ್ ಎಂಬ ಸದ್ದು, ಆ ಸದ್ದಿಗೆ ಮೂವತ್ತು ತಲೆ ಒಟ್ಟಿಗೆ ಮೇಲೇಳುತ್ತವೆ, ಒಂದು ತಲೆ ಬಿಟ್ಟು ಉಳಿದವೆಲ್ಲ ಮತ್ತೆ ಬಾಗುತ್ತವೆ. ಹೆಚ್ಚು ಕಡಿಮೆ ಎಲ್ಲರ ಮಡಿಲಲ್ಲೂ ಒಂದು ಪ್ಲಾಸ್ಟಿಕ್ ಫೈಲು ಇದೆ. ಪಾಸ್‌ಪೋರ್ಟು, ಮಕ್ಕಳ ಜನನಪತ್ರ, ಸಂಬಳದ ಚೀಟಿ, ಬ್ಯಾಂಕಿನ ಲೆಕ್ಕ, ಮನೆ ಬಿಡಿ ಎಂದು ಬಂದ ನೋಟಿಸು. ಬಡವರ ಬದುಕಿಗೆ ಈ ಊರಿನಲ್ಲಿ ಕಾಗದದ ಸಾಕ್ಷಿ ಬೇಕು. ಅದನ್ನು ಅವರು ನೆನೆಯದಂತೆ ಎದೆಗೊತ್ತಿ ತರುತ್ತಾರೆ.

ಕನ್ನಡ, ತಮಿಳು, ಹಿಂದಿ ಮಾತಾಡುವವರು ಬಂದಾಗ ಅರ್ಜಿ ತುಂಬಲು ನೆರವಾಗುವ ಕೆಲಸಕ್ಕೆ ನಾನು ಆಗಾಗ ಇಲ್ಲಿ ಬಂದು ಕೂರುತ್ತೇನೆ. ಆ ದಿನ ನನ್ನ ಪಕ್ಕದಲ್ಲಿ ಕುಳಿತವಳಿಗೆ ನನ್ನ ಭಾಷೆ ಯಾವುದೂ ಬೇಕಿರಲಿಲ್ಲ. ಆಸ್ಪತ್ರೆಯ ವಾರ್ಡುಗಳಲ್ಲಿ ರಾತ್ರಿ ನೆಲ ಒರೆಸುವ ಹೆಂಗಸು, ಇಲ್ಲೇ ಹುಟ್ಟಿದವಳು, ಅಜ್ಜಿಯ ಕಾಲದಲ್ಲಿ ಜಮೈಕಾದಿಂದ ಬಂದ ಮನೆತನ. ಬೆರಳುಗಳ ಸಂದಿನಲ್ಲಿ ಸೋಪಿನ ನೀರು ಕಚ್ಚಿದ ಬಿಳಿ ಗೆರೆಗಳು. ಇಬ್ಬರು ಮಕ್ಕಳನ್ನು ಶಾಲೆಗೆ ಬಿಟ್ಟು ಬಂದಿದ್ದಳು. ಒಬ್ಬಳೇ ಒಳಗೆ ಹೋಗಲು ಮನಸ್ಸಿಲ್ಲದೆ, "ಜೊತೆಗೆ ಬರುತ್ತೀರಾ?" ಎಂದು ಕೇಳಿದಳು.

ಮೇಜಿನ ಆಚೆ ಕೂತ ಅಧಿಕಾರಿ ನಡುವಯಸ್ಸಿನವರು, ದನಿ ತಗ್ಗಿಸಿ ಮಾತಾಡುವವರು. ಮೊದಲು ನೋಟಿಸನ್ನು ಓದಿದರು. ಎರಡು ತಿಂಗಳಲ್ಲಿ ಮನೆ ಖಾಲಿ ಮಾಡಬೇಕು, ಕಾರಣ ಬರೆದಿಲ್ಲ. ಆಗ ಇಂಗ್ಲೆಂಡಿನ ಕಾನೂನಿನಲ್ಲಿ ಮಾಲೀಕ ಕಾರಣ ಕೊಡಬೇಕಾಗಿರಲಿಲ್ಲ. 2025ರ ಅಕ್ಟೋಬರಿನಲ್ಲಿ ರಾಜಮುದ್ರೆ ಬಿದ್ದ ಬಾಡಿಗೆದಾರರ ಹಕ್ಕುಗಳ ಕಾಯ್ದೆ ಆ ಪದ್ಧತಿಗೆ 2026ರ ಮೇ 1ರ ಗಡುವು ಹಾಕಿತು. ಅವಳ ನೋಟಿಸು ಅದಕ್ಕೂ ಹಿಂದಿನದು. ಅಧಿಕಾರಿ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ದಿನ ಎಣಿಸಿದರು. ಮನೆ ಕಳೆದುಕೊಳ್ಳಲು 56 ದಿನದೊಳಗೆ ಇರುವವರನ್ನು ಕೈಬಿಡುವ ಹಾಗಿಲ್ಲ, ತಪ್ಪಿಸಲು ಕೌನ್ಸಿಲ್ ಕೈಲಾದದ್ದು ಮಾಡಲೇಬೇಕು. 2017ರಲ್ಲಿ ಬಂದು 2018ರ ಏಪ್ರಿಲ್‌ನಿಂದ ಜಾರಿಯಾದ ಕಾಯ್ದೆಯ ಮಾತು ಇದು. ಅದಕ್ಕೆ ಮೊದಲು ಎಷ್ಟೋ ಜನರಿಗೆ ಸಿಗುತ್ತಿದ್ದ ಉತ್ತರ, ಅಮೀನರು ಬಾಗಿಲು ತಟ್ಟಿದ ಮೇಲೆ ಬನ್ನಿ ಎಂಬುದು.

ಆಮೇಲೆ ಬ್ಯಾಂಕಿನ ಲೆಕ್ಕ ತೆರೆಯಿತು. ಬೇರೆಯವರ ಖರ್ಚಿನ ಪಟ್ಟಿಯನ್ನು ಅವರ ಎದುರಿಗೇ ಓದುವುದು ಮುಜುಗರದ ಕೆಲಸ. ಅಧಿಕಾರಿ ಹಾಳೆಯನ್ನು ತಮ್ಮ ಕಡೆಗೆ ಪೂರ್ತಿ ಎಳೆದುಕೊಳ್ಳದೆ ಇಬ್ಬರಿಗೂ ಕಾಣುವಂತೆ ಅಡ್ಡ ಇಟ್ಟರು. ಪುಟದ ತುಂಬ 1.75, 1.75, 1.75 ಎಂದು ಇಳಿದಿತ್ತು, ಅದು ಆಗ ಲಂಡನ್ನಿನಲ್ಲಿ ಒಂದು ಸಲ ಬಸ್ಸು ಹತ್ತಿದರೆ ಆಗುತ್ತಿದ್ದ ದರ. ನಡುವೆ ಅಗ್ಗದ ಅಂಗಡಿಯ ದಿನಸಿ, ವಿದ್ಯುತ್ ಮೀಟರಿಗೆ ಹತ್ತು ಪೌಂಡು, ಮತ್ತೆ ಐದು ಪೌಂಡು, ಶಾಲೆಯ ಪ್ರವಾಸಕ್ಕೆ ಎಂಟು. ತಿಂಗಳ ಮೊದಲ ವಾರದಲ್ಲಿ ಮಾತ್ರ ಒಂದು ದೊಡ್ಡ ಸಂಖ್ಯೆ. ಬಾಡಿಗೆ. ಎಲ್ಲ ತಿಂಗಳೂ, ಅದೇ ತಾರೀಕು, ಒಂದು ಪೌಂಡೂ ಬಾಕಿಯಿಲ್ಲ. ಕೊನೆಯ ಸಾಲಿನಲ್ಲಿ ಉಳಿದದ್ದು 212 ಪೌಂಡು.

ಅಧಿಕಾರಿ ಕ್ಯಾಲ್ಕುಲೇಟರ್ ತೆಗೆದರು. ಅವಳಿಗೆ ಎಟುಕುವ ಎರಡು ಕೋಣೆಯ ಮನೆಯೊಂದಕ್ಕೆ ತಿಂಗಳ ಬಾಡಿಗೆ 1,450 ಪೌಂಡು ಎಂದು ಹಿಡಿದರೆ, ಐದು ವಾರದ ಬಾಡಿಗೆಯಷ್ಟು ಡೆಪಾಸಿಟ್ 1,673 ಪೌಂಡು. ಮೊದಲ ತಿಂಗಳ ಬಾಡಿಗೆಯನ್ನೂ ಮುಂಚಿತವಾಗಿ ಕೊಡಬೇಕು. ಒಟ್ಟು 3,123. ಡೆಪಾಸಿಟ್ ಐದು ವಾರ ಮೀರಬಾರದೆಂದು ಇಂಗ್ಲೆಂಡಿನಲ್ಲಿ 2019ರ ಜೂನ್ 1ರಿಂದ ಕಟ್ಟುಪಾಡು ಬಂದಿದೆ. ವರ್ಷದ ಬಾಡಿಗೆ 50,000 ಪೌಂಡು ಅಥವಾ ಅದಕ್ಕಿಂತ ಹೆಚ್ಚಿರುವ ದೊಡ್ಡ ಮನೆಗಳಿಗೆ ಮಾತ್ರ ಆರು ವಾರ. ಹತ್ತು ತಿಂಗಳ ಅಡ್ವಾನ್ಸ್ ಹೊಂದಿಸಲು ಬಂಗಾರ ಅಡವಿಟ್ಟು, ಮನೆ ಬಿಡುವಾಗ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಮುರಿಸಿಕೊಂಡ ಬೆಂಗಳೂರಿನವರಿಗೆ ಐದು ವಾರ ಎಂದರೆ ದೊಡ್ಡ ಮಾತಲ್ಲ ಅನ್ನಿಸಬಹುದು. ನಮ್ಮಲ್ಲಿ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳಿಗೆ ಮಿತಿ ಹಾಕಿ ಎಂದು 2021ರಲ್ಲೇ ಹೇಳಿದೆ. ಆದರೆ 212 ಪೌಂಡು ಇರುವವರಿಗೆ 3,123 ಎಷ್ಟು ದೂರವೋ, ಬೆಂಗಳೂರಿನಲ್ಲಿ ಮನೆಗೆಲಸ ಮಾಡುವವರಿಗೆ ಒಂದೂವರೆ ಲಕ್ಷ ಅಷ್ಟೇ ದೂರ.

ಅವಳ ಹಳೆಯ ಮನೆಯಲ್ಲೂ ಡೆಪಾಸಿಟ್ ಇದೆ. ಅದು ಅವಳದೇ ದುಡ್ಡು. ಆದರೆ ಅದು ಕೈಸೇರುವುದು ಆ ಮನೆ ಬಿಟ್ಟು, ಮಾಲೀಕ ಗೋಡೆ ನೆಲ ನೋಡಿ, ಇಬ್ಬರೂ ಮೊತ್ತಕ್ಕೆ ಒಪ್ಪಿ, ಆಮೇಲೆ ಹತ್ತು ದಿನದೊಳಗೆ. ಹೊಸ ಮನೆಯವರು ಕೇಳುವುದು ಬೀಗದ ಕೈ ಕೊಡುವ ಮೊದಲು. ಈ ನಡುವಿನ ಕೆಲವು ವಾರ ಒಬ್ಬಳೇ ಎರಡು ಮನೆಯ ಇಡಿಗಂಟು ಹೊರಬೇಕು. ಇಷ್ಟು ವರ್ಷ ತಿಂಗಳು ತಪ್ಪದೆ ಬಾಡಿಗೆ ಕಟ್ಟಿದವಳು ಬೀದಿಗೆ ಬೀಳುವುದು ಬಾಡಿಗೆ ಕಟ್ಟಲಾರದೆ ಅಲ್ಲ, ಈ ಇಡಿಗಂಟು ಇಲ್ಲದೆ. ಸಹಾಯ ಎಲ್ಲಿ ಬೇಕೋ ಅಲ್ಲಿಗೇ, ಅಷ್ಟೇ ಅಳತೆಗೆ ತಲುಪಿಸುವ ಏರ್ಪಾಡು ಸರ್ಕಾರಗಳು ಮಾಡುವ ಕೆಲಸಗಳಲ್ಲಿ ಅಪರೂಪ. ಡೆಪಾಸಿಟ್ಟಿನ ನೆರವು ಅಂಥದೊಂದು ಎಂದು ನಾನು ನಂಬಿದ್ದೇನೆ.

ಅಧಿಕಾರಿ ಮೊದಲು ಡ್ರಾಯರಿನಿಂದ ತೆಗೆದದ್ದು ದುಡ್ಡಲ್ಲ, ಒಂದು ಹಾಳೆಯ ನಮೂನೆ. ಮೇಲೆ ಕೌನ್ಸಿಲ್ಲಿನ ಲಾಂಛನ, ಕೆಳಗೆ ಬಾಡಿಗೆದಾರರ ಹೆಸರು, ಮನೆಯ ವಿಳಾಸ, ಮೊತ್ತ, ಅವಧಿಗಳಿಗೆ ಖಾಲಿ ಜಾಗ, ಕೊನೆಗೆ ಮೂರು ಸಹಿ. ಬಾಂಡ್ ಎನ್ನುತ್ತಾರೆ. ನಗದು ಕೈ ಬದಲಾಗುವುದಿಲ್ಲ. ಬಾಡಿಗೆದಾರರು ಹೋಗುವಾಗ ಮನೆಗೆ ಹಾನಿಯಾಗಿದ್ದರೆ, ಬಾಡಿಗೆ ಉಳಿದಿದ್ದರೆ, ಇಷ್ಟು ಮೊತ್ತದವರೆಗೆ ನಾವು ಕೊಡುತ್ತೇವೆ ಎಂದು ಕೌನ್ಸಿಲ್ ಮಾತು ಕೊಡುತ್ತದೆ. ಬಳಸಿ ಬಳಸಿ ಸವೆದ ಕಾರ್ಪೆಟ್ಟಿಗೆ, ಬಿಸಿಲಿಗೆ ಬಣ್ಣ ಹೋದ ಪರದೆಗೆ ಅದು ಅನ್ವಯಿಸುವುದಿಲ್ಲ. ಮಾಲೀಕ ಕೇಳಿ ಕೌನ್ಸಿಲ್ ಕೊಟ್ಟದ್ದನ್ನು ಬಾಡಿಗೆದಾರರು ಕಂತಿನಲ್ಲಿ ತೀರಿಸಬೇಕು. ಕೆಲವು ಕೌನ್ಸಿಲ್ಲುಗಳು ಬಾಂಡ್ ಕೊಡುತ್ತವೆ, ಕೆಲವು ನಗದನ್ನೇ ಸಾಲವಾಗಿ ಕೊಡುತ್ತವೆ, ಕೆಲವು ವಾಪಸು ಕೇಳದೆ ಕೊಡುತ್ತವೆ. ಬೀದಿಯ ಈ ಬದಿಗೆ ಒಂದು ಪದ್ಧತಿ, ಆ ಬದಿಗೆ ಇನ್ನೊಂದು. ಲಂಡನ್ನಿನಲ್ಲಿ ಕೌನ್ಸಿಲ್ ಗಡಿ ಒಂದು ರಸ್ತೆಯ ನಡುವೆ ಹಾದುಹೋಗುವುದು ಮಾಮೂಲು.

ಫೋನ್ ಮಾಡುವ ಕೆಲಸ ಇನ್ನೊಬ್ಬ ಯುವಕನದು. ಕಿವಿಗೆ ಹೆಡ್‌ಫೋನ್, ಎದುರಿಗೆ ಮನೆಗಳ ಪಟ್ಟಿ. ಪ್ರತಿ ಕರೆಯೂ ಒಂದೇ ರಾಗದಲ್ಲಿ ಹೊರಡುತ್ತದೆ. ನಮಸ್ಕಾರ ಹೇಳಿ, ತಾಯಿ ಇಬ್ಬರು ಮಕ್ಕಳು, ಕೆಲಸ ಇದೆ, ಬಾಡಿಗೆ ಬಾಕಿ ಇಲ್ಲ ಎಂದು ಹೇಳಿ, ಆಮೇಲೆ ಬಾಡಿಗೆಗೆ ಸರ್ಕಾರದಿಂದ ಸಿಗುವ ಸಹಾಯಧನದ ಮಾತು ತೆಗೆದಾಗ ಆಚೆ ಬದಿ ಸಣ್ಣಗೆ ಮೌನ. ಆ ಮೌನದ ಉದ್ದದಲ್ಲೇ ಅವನಿಗೆ ಉತ್ತರ ಗೊತ್ತಾಗುತ್ತದೆ. ಸಹಾಯಧನದವರಿಗೆ ಮನೆಯಿಲ್ಲ ಎಂದು ಜಾಹೀರಾತಿನಲ್ಲೇ ಹಾಕುವುದು ತಾರತಮ್ಯ, ಕಾನೂನಿಗೆ ವಿರುದ್ಧ ಎಂದು 2020ರ ಜುಲೈಯಲ್ಲಿ ಯಾರ್ಕ್ ನಗರದ ನ್ಯಾಯಾಲಯ ಹೇಳಿದ ಮೇಲೆ ಬರಹದಲ್ಲಿ ಆ ಮಾತು ಕಡಿಮೆಯಾಯಿತು. ಬಾಯಲ್ಲಿ ಉಳಿಯಿತು, "ಈಗಷ್ಟೇ ಬೇರೆಯವರಿಗೆ ಕೊಟ್ಟೆವು" ಎಂಬ ರೂಪದಲ್ಲಿ.

ಕೊನೆಗೆ ಒಪ್ಪಿದ ಮಾಲೀಕರಿಗೆ ಕಾಗದದ ಭರವಸೆ ಬೇಡ, ನಗದು ಬೇಕು. ಆಗ ತೆರೆದದ್ದು ಇನ್ನೊಂದು ದಾರಿ, ವಿವೇಚನಾ ವಸತಿ ನೆರವು. ಬಾಡಿಗೆಗೆ ಸಹಾಯಧನ ಪಡೆಯುತ್ತಿರುವವರಿಗೆ ಡೆಪಾಸಿಟ್ಟನ್ನೂ ಮೊದಲ ತಿಂಗಳ ಬಾಡಿಗೆಯನ್ನೂ ಆಗ ಇದರಿಂದ ಕೊಡಬಹುದಾಗಿತ್ತು. ಕೊಡಲೇಬೇಕೆಂದಿರಲಿಲ್ಲ, ಕೌನ್ಸಿಲ್ ಒಬ್ಬೊಬ್ಬರ ಸ್ಥಿತಿ ನೋಡಿ ತೀರ್ಮಾನಿಸುತ್ತಿತ್ತು. ಆ ವರ್ಷ ಇಡೀ ಇಂಗ್ಲೆಂಡ್ ಮತ್ತು ವೇಲ್ಸಿಗೆ ಕೇಂದ್ರ ಸರ್ಕಾರ ಇದಕ್ಕೆಂದು ಕೊಟ್ಟದ್ದು 10 ಕೋಟಿ ಪೌಂಡು. ಲಂಡನ್ನಿನ ಕೌನ್ಸಿಲ್ಲುಗಳು ಮನೆ ಕಳೆದುಕೊಂಡವರನ್ನು ಹೋಟೆಲು, ಹಾಸ್ಟೆಲು, ತಾತ್ಕಾಲಿಕ ಕೋಣೆಗಳಲ್ಲಿ ಇರಿಸಲು ಅದೇ ಹೊತ್ತಿಗೆ ಖರ್ಚು ಮಾಡುತ್ತಿದ್ದದ್ದು ದಿನಕ್ಕೆ 40 ಲಕ್ಷ ಪೌಂಡು. ಎರಡು ರಾಷ್ಟ್ರಗಳ ಒಂದು ವರ್ಷದ ಹಣ ಲಂಡನ್ನಿನ ತಾತ್ಕಾಲಿಕ ಕೋಣೆಗಳಿಗೆ ಇಪ್ಪತ್ತೈದು ದಿನಕ್ಕೆ ಸಾಲುತ್ತದೆ. ಇಂಗ್ಲೆಂಡಿನಲ್ಲಿ ಆಗ 1,20,000ಕ್ಕೂ ಹೆಚ್ಚು ಕುಟುಂಬಗಳು ಅಂಥ ಕೋಣೆಗಳಲ್ಲಿದ್ದವು. ಒಂದೇ ಹಾಸಿಗೆಯಲ್ಲಿ ತಾಯಿಯೂ ಮಕ್ಕಳೂ, ಸ್ಟವ್ ಇಲ್ಲದೆ ಕೆಟಲಿನಲ್ಲಿ ಬೇಯಿಸಿದ ನೂಡಲ್ಸು, ಶಾಲೆಗೆ ಎರಡು ಬಸ್ಸು. ಮೂರು ಸಾವಿರ ಪೌಂಡು ಸಮಯಕ್ಕೆ ಸಿಕ್ಕಿದ್ದರೆ ಅವರಲ್ಲಿ ಎಷ್ಟು ಜನ ಅಲ್ಲಿಗೆ ಹೋಗಬೇಕಾಗಿರಲಿಲ್ಲವೋ ಎಂಬ ಯೋಚನೆ ಈ ಕಚೇರಿಯಲ್ಲಿ ಕೂತಾಗಲೆಲ್ಲ ನನ್ನನ್ನು ಬಿಡುವುದಿಲ್ಲ.

ಮನೆ ನೋಡಲು ಬ್ರಿಕ್ಸ್ಟನ್ನಿನಿಂದ 250ನೇ ನಂಬರಿನ ಬಸ್ಸು ಹಿಡಿದೆವು. ಬಸ್‌ಸ್ಟಾಪಿನ ಹಿಂದೆ ಎಲೆಕ್ಟ್ರಿಕ್ ಅವೆನ್ಯೂದ ಸಂತೆ ಕಾವೇರಿತ್ತು. ಬಾಳೆಕಾಯಿಯ ಗೊನೆ, ಮಣ್ಣು ಮೆತ್ತಿದ ಯಾಮ್ ಗೆಡ್ಡೆ, ಮಂಜುಗಡ್ಡೆಯ ಮೇಲೆ ಕೆಂಪು ಮೀನು, ಎಲ್ಲಿಂದಲೋ ಬರುವ ಹಾಡಿನ ದಪ್ಪ ತಾಳ. ಆಚೆಗೆ 1908ರ ಟೌನ್‌ಹಾಲಿನ ಗಡಿಯಾರ ಗೋಪುರ. ಅದು ಲ್ಯಾಂಬೆತ್ ಕೌನ್ಸಿಲ್ಲಿನದು. ಕಲಬುರಗಿಯ ನೀರಜ್ ಪಾಟೀಲರು 2010-11ರಲ್ಲಿ ಅಲ್ಲಿ ಮೇಯರ್ ಆಗಿದ್ದರು. ಥೇಮ್ಸ್ ದಂಡೆಯಲ್ಲಿ 2015ರಿಂದ ಇರುವ ಬಸವಣ್ಣನವರ ಪ್ರತಿಮೆಯೂ ಇದೇ ಲ್ಯಾಂಬೆತ್‌ನಲ್ಲಿದೆ.

ಬಸ್ಸಿನ ಮೇಲಂತಸ್ತಿನಲ್ಲಿ ಮುಂದಿನ ಸೀಟಿಗೆ ಕೂತು ಅವಳು ಅಜ್ಜಿಯ ಕಥೆ ಹೇಳಿದಳು. 1948ರ ಜೂನ್‌ನಲ್ಲಿ ಜಮೈಕಾದ ಕಡೆಯಿಂದ ವಿಂಡ್‌ರಶ್ ಹಡಗು ಬಂದಿತಲ್ಲ, ಅದರಲ್ಲಿ ಬಂದವರಲ್ಲಿ ತಲೆಗೆ ಸೂರಿಲ್ಲದವರನ್ನು ಕ್ಲಾಪಮ್ ಸೌತ್‌ನಲ್ಲಿ ನೆಲದಡಿಯ ಯುದ್ಧಕಾಲದ ಆಸರೆಯಲ್ಲಿ ಮಲಗಿಸಿದ್ದರು. ಅವರು ಕೆಲಸ ಹುಡುಕಿ ಬಂದದ್ದು ಬ್ರಿಕ್ಸ್ಟನ್ನಿನ ಕೋಲ್ಡ್‌ಹಾರ್ಬರ್ ಲೇನಿಗೆ, ಬೇರು ಬಿಟ್ಟದ್ದೂ ಆ ಸುತ್ತಲೇ. ಅಜ್ಜಿ ಬಂದದ್ದು ಅವರ ಹಿಂದೆ ಕೆಲವು ವರ್ಷಕ್ಕೆ. ಕರಿಯರಿಗೆ ಮನೆ ಕೊಡುವುದಿಲ್ಲ ಎಂದು ಮುಖಕ್ಕೇ ಹೇಳುತ್ತಿದ್ದ ಕಾಲ. ಅದು ಕಾನೂನಿಗೆ ವಿರುದ್ಧ ಎಂದು ಕಾಯ್ದೆ ಬಂದದ್ದು 1968ರಲ್ಲಿ. ಬ್ಯಾಂಕುಗಳೂ ಸಾಲ ಕೊಡುತ್ತಿರಲಿಲ್ಲ. ಆಗ ಜಮೈಕಾದ ಹೆಂಗಸರು ಪಾರ್ಡ್ನರ್ ಹಾಕಿದರು. ನಂಬಿಕಸ್ಥ ಹೆಂಗಸೊಬ್ಬಳ ಕೈಗೆ ವಾರವಾರ ಎಲ್ಲರೂ ಇಷ್ಟಿಷ್ಟು ಕೊಡುವುದು, ಸರದಿಯಂತೆ ಒಬ್ಬೊಬ್ಬರು ಪೂರ್ತಿ ಮೊತ್ತ ಎತ್ತುವುದು. ನಮ್ಮ ಓಣಿಯ ಚೀಟಿಯೇ. ಅಜ್ಜಿಯ ಸರದಿ ಬಂದ ವಾರ ಮನೆಯ ಇಡಿಗಂಟು ಹುಟ್ಟಿತು. "ಈಗ ಪಾರ್ಡ್ನರ್ ಹಾಕೋಣವೆಂದರೆ ವಾರದ ಕೊನೆಗೆ ಯಾರ ಕೈಯಲ್ಲಿ ಉಳಿಯುತ್ತದೆ?" ಎಂದು ಅವಳು ಕೇಳಿದಳು. ಕೇಳಿದ್ದು ದೂರಿನ ದನಿಯಲ್ಲಲ್ಲ, ನನಗೇನಾದರೂ ಲೆಕ್ಕ ಗೊತ್ತಿದೆಯೋ ಎಂಬಂತೆ.

ಲೆಕ್ಕ ಇದು. ಬಡ ಬಾಡಿಗೆದಾರರಿಗೆ ಸಿಗುವ ಸಹಾಯಧನಕ್ಕೆ ಒಂದು ಮೇಲ್ಮಿತಿ ಇದೆ. ಆ ಪ್ರದೇಶದ ಬಾಡಿಗೆಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಜೋಡಿಸಿದರೆ ಕೆಳಗಿನ ನೂರಕ್ಕೆ ಮೂವತ್ತು ಮನೆಗಳಾದರೂ ಎಟುಕುವಂತಿರಬೇಕು ಎಂಬುದು ತತ್ವ. ಆದರೆ 2020ರಲ್ಲಿ ನಿಗದಿ ಮಾಡಿದ ಮಿತಿ ನಾಲ್ಕು ವರ್ಷ ಅಲ್ಲೇ ಹೆಪ್ಪುಗಟ್ಟಿತ್ತು, ಬಾಡಿಗೆ ಓಡುತ್ತಲೇ ಇತ್ತು. 2024ರ ಏಪ್ರಿಲ್‌ನಲ್ಲಿ ಏರಿಸಿದರು, 2025ರಲ್ಲಿ ಮತ್ತೆ ಏರಿಸಲಿಲ್ಲ. ಮಿತಿಗೂ ನಿಜವಾದ ಬಾಡಿಗೆಗೂ ನಡುವಿನ ಅಂತರ ಸಂಬಳದಿಂದ ಹೋಗುತ್ತದೆ. ಉಳಿತಾಯ ಆಗಬೇಕಾದ ಜಾಗವೇ ಅದು.

ಥಾರ್ನ್‌ಟನ್ ಹೀತ್‌ನಲ್ಲಿ ಇಳಿದಾಗ ಮಳೆ ನಿಂತಿತ್ತು. ಲಂಕೆಯ ತಮಿಳರ ಅಂಗಡಿಗಳ ಮುಂದೆ ನುಗ್ಗೆಕಾಯಿ, ಕರಿಬೇವಿನ ಕಟ್ಟು. ಪಕ್ಕದ ಬೀದಿಯಲ್ಲಿ ಗೋಡೆಗೆ ಗೋಡೆ ಅಂಟಿದ ಇಟ್ಟಿಗೆ ಮನೆಗಳ ಸಾಲು. ಒಂದರ ಮೇಲ್ಮಹಡಿ. ಹೊಸ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ಕೌನ್ಸಿಲ್ಲಿನಿಂದ ಬಂದ ತಪಾಸಣೆಯವರು ಆ ವಾಸನೆಯನ್ನೇ ಅನುಮಾನಿಸಿ ಮೂಲೆಯಲ್ಲಿ ಬಗ್ಗಿ, ಗೋಡೆಯ ಬುಡಕ್ಕೆ ಅಂಗೈ ಒತ್ತಿ ನೋಡಿದರು. ತೇವ ಇರಲಿಲ್ಲ. ಸ್ನಾನದ ಮನೆಯ ಕಿಟಕಿ ತೆರೆದು ಮುಚ್ಚಿದರು. ಹೊಗೆ ಅಲಾರಮ್ಮಿನ ಗುಂಡಿಯನ್ನು ಕೋಲಿನಿಂದ ಒತ್ತಿದಾಗ ಕಿವಿ ಕಿತ್ತುಹೋಗುವ ಕೂಗು. ಗ್ಯಾಸಿನ ಸುರಕ್ಷತಾ ಪತ್ರದ ತಾರೀಕು ನೋಡಿದರು. ಸರ್ಕಾರದ ದುಡ್ಡು ಹಾಕುವ ಮನೆ ವಾಸಕ್ಕೆ ಯೋಗ್ಯವಾಗಿದೆಯೇ ಎಂದು ನೋಡುವ ಈ ಅರ್ಧ ಗಂಟೆ ನನಗೆ ಡೆಪಾಸಿಟ್ಟಿನಷ್ಟೇ ದೊಡ್ಡದೆನಿಸಿತು. ಅವಸರದಲ್ಲಿರುವ ತಾಯಿ ತಾನಾಗಿ ಇಷ್ಟೆಲ್ಲ ಕೇಳಲಾರಳು.

ಬೀಗದ ಕೈ ಕೊಡುವ ದಿನ ದಾಖಲೆಯ ಕೆಲಸ. ಏಜೆಂಟಿನ ಹುಡುಗಿ ಫೋನ್ ಹಿಡಿದು ಕೋಣೆಯಿಂದ ಕೋಣೆಗೆ ನಡೆದಳು. ಅಡುಗೆಮನೆಯ ಕಟ್ಟೆಯಲ್ಲಿ ಸುಟ್ಟ ಗುರುತು ಒಂದು, ಬಾಗಿಲ ಹಿಂದೆ ಮೊಳೆಯ ತೂತು ಎರಡು, ಕಾರ್ಪೆಟ್ಟಿನಲ್ಲಿ ಕಿಟಕಿಯ ಕೆಳಗೆ ಕಂದು ಕಲೆ. "ಕಲೆಯ ಪಕ್ಕ ಒಂದು ನಾಣ್ಯ ಇಟ್ಟು ಫೋಟೊ ತೆಗೆಯಿರಿ, ಎಷ್ಟು ದೊಡ್ಡದಿತ್ತೆಂದು ಆಮೇಲೆ ಜಗಳ ಬೇಡ" ಎಂದು ತಪಾಸಣೆಯವರು ಹೇಳಿಕೊಟ್ಟರು. ತಾಯಿ ಪರ್ಸಿನಿಂದ ಎರಡು ಪೆನ್ಸಿನ ನಾಣ್ಯ ಹುಡುಕಿ ಇಟ್ಟಳು. ದೊಡ್ಡ ಮಗಳು ಮೆಟ್ಟಿಲ ಕೆಳಗೆ ತೂರಿ ಮೀಟರಿನ ಅಂಕಿಗಳನ್ನು ಕೂಗಿದಳು, ಚಿಕ್ಕವನು ಖಾಲಿ ಕೋಣೆಯಲ್ಲಿ ತನ್ನ ದನಿ ಹೇಗೆ ಮಾರ್ದನಿಸುತ್ತದೆಂದು ಪರೀಕ್ಷಿಸುತ್ತಿದ್ದ. ಕೌನ್ಸಿಲ್ ಕಟ್ಟಿದ 1,673 ಪೌಂಡು ಮಾಲೀಕರ ಜೇಬಿನಲ್ಲಿ ಸುಮ್ಮನೆ ಕೂರುವ ಹಾಗಿಲ್ಲ. ಸರ್ಕಾರ ಮಾನ್ಯ ಮಾಡಿದ ಮೂರು ಸಂಸ್ಥೆಗಳಲ್ಲಿ ಒಂದರ ರಕ್ಷಣೆಗೆ 30 ದಿನದೊಳಗೆ ಒಪ್ಪಿಸಬೇಕು, ಒಪ್ಪಿಸಿದ ವಿವರವನ್ನು ಬಾಡಿಗೆದಾರರಿಗೆ ಬರಹದಲ್ಲಿ ಕೊಡಬೇಕು. ರಕ್ಷಣೆಗೆ ಒಪ್ಪಿಸುವುದು 2007ರ ಏಪ್ರಿಲ್‌ನಿಂದ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಕಡ್ಡಾಯ. ಮುಂದೆ ತಕರಾರು ಬಂದರೆ ಆ ಕಲೆಯ ಫೋಟೊ, ಆ ನಾಣ್ಯ ಸಾಕ್ಷಿ ನುಡಿಯುತ್ತವೆ. ಆ ಸಂಸ್ಥೆ ಕೊಡುವ ತೀರ್ಪಿಗೆ ಶುಲ್ಕವಿಲ್ಲ.

ಇಷ್ಟು ಸಲೀಸಾಗಿ ಎಲ್ಲರ ಕೆಲಸವೂ ಆಗುವುದಿಲ್ಲ. ಕೆಲವು ವಾರಗಳ ಮೇಲೆ ಅದೇ ನೀಲಿ ಕುರ್ಚಿಗಳ ಸಾಲಿನಲ್ಲಿ ಕನ್ನಡ ಕೇಳಿತು, ಅದೂ ಹುಬ್ಬಳ್ಳಿ ಕಡೆಯದು. ಗಂಡ ವೃದ್ಧಾಶ್ರಮದಲ್ಲಿ ಆರೈಕೆ ಕೆಲಸಕ್ಕೆ ವೀಸಾದ ಮೇಲೆ ಬಂದವನು, ಹೆಂಡತಿ ಅವನ ಅವಲಂಬಿತೆ. ಕೈಯಲ್ಲಿ ಅದೇ ಬಗೆಯ ಫೈಲು. "ಅಕ್ಕಾರ, ನಾವು ಇಲ್ಲಿಗೆ ಬಂದು ಮೂರು ವರ್ಷ ಆತ್ರಿ. ಹೊಸಾ ಮನಿಗೆ ಡೆಪಾಸಿಟ್ ಕೊಡಾಕ ರೊಕ್ಕ ಇಲ್ಲ. ಇವರು ಕೊಡ್ತಾರಂತ ಯಾರೋ ಹೇಳಿದ್ರು" ಎಂದಳು. ಅಧಿಕಾರಿ ವೀಸಾದ ವಿವರ ನೋಡಿದರು. ಸಾರ್ವಜನಿಕ ನಿಧಿಯ ನೆರವಿಲ್ಲ ಎಂಬ ಷರತ್ತು ಅದರಲ್ಲಿತ್ತು. ತೆರಿಗೆ ಕಟ್ಟುತ್ತಾರೆ, ಇಲ್ಲಿಯ ಮುದುಕರನ್ನು ಎತ್ತಿ ಕೂರಿಸಿ ಉಣ್ಣಿಸುತ್ತಾರೆ. ಆದರೂ ವಸತಿ ಸಹಾಯಧನ, ಅದರ ಬೆನ್ನಿಗೆ ಬರುವ ಡೆಪಾಸಿಟ್ಟಿನ ನೆರವು ಅವರಿಗೆ ಇಲ್ಲ. ಇದು ಅನ್ಯಾಯವೆಂದೇ ನನ್ನ ಎಣಿಕೆ. ನಮ್ಮ ಕಡೆಯಿಂದ ಬಂದ ನರ್ಸುಗಳು, ಆರೈಕೆಯವರು ಎಷ್ಟೋ ಮಂದಿ ಈ ಷರತ್ತಿನಡಿ ಬದುಕುತ್ತಾರೆ.

ಆದರೆ ಸಲಹೆ ಕೊಡಲು ವೀಸಾ ಅಡ್ಡ ಬರುವುದಿಲ್ಲ. ತನ್ನ ಪ್ರದೇಶದಲ್ಲಿರುವ ಯಾರಿಗಾದರೂ ಉಚಿತ ಸಲಹೆ ಸಿಗುವಂತೆ ನೋಡಿಕೊಳ್ಳುವುದು ಕೌನ್ಸಿಲ್ಲಿನ ಹೊಣೆ. ಅಧಿಕಾರಿ ಹಳೆಯ ಮನೆಯ ಡೆಪಾಸಿಟ್ ಏನಾಯಿತೆಂದು ಕೇಳಿದರು. 1,250 ಪೌಂಡು ಕೊಟ್ಟಿದ್ದರು, ಬಿಟ್ಟು ನಾಲ್ಕು ತಿಂಗಳಾಗಿತ್ತು, ಕಾರ್ಪೆಟ್ ಹಾಳಾಗಿದೆಯೆಂದು ಮಾಲೀಕ ವಾಪಸು ಕೊಟ್ಟಿರಲಿಲ್ಲ. "ಮಾಲೀಕರೂ ಅದೇ ಮನೆಯಲ್ಲಿ ಇದ್ದರೇ?" ಇಲ್ಲ, ಬೇರೆ ಊರಿನಲ್ಲಿ. "ಡೆಪಾಸಿಟ್ ಎಲ್ಲಿಟ್ಟಿದ್ದಾರೆಂದು ಕಾಗದ ಕೊಟ್ಟಿದ್ದರೇ?" ಇಲ್ಲ. ಅಧಿಕಾರಿ ಪರದೆಯನ್ನು ನಮ್ಮ ಕಡೆ ತಿರುಗಿಸಿ ಮೂರೂ ಸಂಸ್ಥೆಗಳ ಪುಟ ತೆರೆದು ಮನೆಯ ಪೋಸ್ಟ್‌ಕೋಡು, ಕುಲನಾಮ, ಸೇರಿದ ತಿಂಗಳು, ಮೊತ್ತ ಹಾಕುತ್ತ ಹೋದರು. ಮೂರರಲ್ಲೂ ಇಲ್ಲ.

ರಕ್ಷಣೆಗೆ ಒಪ್ಪಿಸದ ಮಾಲೀಕನಿಂದ ಡೆಪಾಸಿಟ್ಟಿನ ಒಂದರಿಂದ ಮೂರು ಪಟ್ಟು ದಂಡ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ, ಕೇಳಲು ಆರು ವರ್ಷ ಸಮಯವಿದೆ ಎಂದು ಅಧಿಕಾರಿ ಬಿಡಿಸಿ ಹೇಳಿದರು. ನಾನು ಅದನ್ನು ಕನ್ನಡದಲ್ಲಿ ಹೇಳುತ್ತಿದ್ದಂತೆ ಅವಳು ಗಂಡನ ಮುಖ ನೋಡಿದಳು, ಅವನು ವೀಸಾದ ಹಾಳೆ ನೋಡಿದ. "ಅಕ್ಕಾರ, ಇದು ಕೇಳಿದ್ರ ವೀಸಾಕ್ಕ ಏನಾರ ತ್ರಾಸ ಆಗತೈತೇನ್ರಿ?" ಎಂದ.

ಆಗುವುದಿಲ್ಲ, ಇದು ಸರ್ಕಾರದ ನೆರವಲ್ಲ, ನಿಮ್ಮದೇ ದುಡ್ಡು ಎಂದರು ಅಧಿಕಾರಿ. ಉಚಿತ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಕೇಂದ್ರದಲ್ಲಿ ಮಂಗಳವಾರಕ್ಕೆ ಹೊತ್ತು ಗೊತ್ತು ಮಾಡಿ ವಿಳಾಸ ಬರೆದುಕೊಟ್ಟರು. ಅವಳು ಅಲ್ಲೇ ಫೋನ್ ತೆಗೆದು ಮೂರು ವರ್ಷದ ಹಿಂದಿನ ಬ್ಯಾಂಕ್ ಸಂದೇಶಗಳನ್ನು ಕೆಳಗಿನಿಂದ ಮೇಲಕ್ಕೆ ಸರಿಸುತ್ತ ಹುಡುಕತೊಡಗಿದಳು. "ಸಿಕ್ತು ನೋಡ್ರಿ. ಒಂದು ಸಾವಿರದ ಎರಡು ನೂರಾ ಐವತ್ತು. ಇದನ್ನ ಎಲ್ಲಿಗೆ ಕಳಸ್ಲಿ?"